ತೊಂಬತ್ತೆರಡು ಯೂನಿಟ್ಟು

ಯಲಬುರ್ಗಾದ ಕಳಕಮ್ಮನಿಗೆ ಈ ಜಗತ್ತಿನಲ್ಲಿ ಎಲ್ಲಕ್ಕಿಂತ ಇಷ್ಟವಾದ ಅಂಕಿ ಸೊನ್ನೆ. ಉಳಿದವರೆಲ್ಲ ಲಕ್ಷ, ಕೋಟಿ ಎಂದು ಬಾಯಿ ಬಿಡುವ ಕಾಲದಲ್ಲಿ ಈ ಹೆಂಗಸು ತಿಂಗಳಿಗೊಮ್ಮೆ ಬರುವ ಒಂದು ಸೊನ್ನೆಗಾಗಿ ಕಾಯುತ್ತಿದ್ದಳು. ಕರೆಂಟ್ ಬಿಲ್ಲಿನವನು ಓಣಿಗೆ ಬರುವ ದಿನ ಬೆಳಿಗ್ಗೆಯೇ ಕೆಲಸ ಮುಗಿಸಿ, ತಲೆ ಬಾಚಿ, ಬೀಗರು ಬರುವವರಿದ್ದಾರೆ ಎಂಬಂತೆ ಕಟ್ಟೆಯ ಮೇಲೆ ಕೂತುಬಿಡುತ್ತಿದ್ದಳು. ಅವನು ಮೀಟರು ನೋಡಿ ಚೀಟಿ ಹರಿದು ಕೊಟ್ಟ ಕೂಡಲೇ ಮೇಲಿನದೇನನ್ನೂ ಓದದೆ ಸೀದಾ ಕೊನೆಯ ಸಾಲಿಗೆ ಕಣ್ಣು ಹಾಯಿಸುವಳು. ಅಲ್ಲಿ ಸೊನ್ನೆ ಇರುತ್ತಿತ್ತು. ಆಮೇಲೆ ಆ ಚೀಟಿಯನ್ನು ಮಡಚಿ ದೇವರ ಜಗಲಿಯ ಹಿಂದೆ ಸಿಕ್ಕಿಸಿ, ಒಂದು ಲೋಟ ಚಹಾ ಹೆಚ್ಚಿಗೆ ಕುಡಿಯುತ್ತಿದ್ದಳು.

ಗೃಹಜ್ಯೋತಿ ಬಂದಾಗ ಪ್ರತಿ ಮನೆಯ ಹಿಂದಿನ ಒಂದು ವರ್ಷದ ಲೆಕ್ಕ ತೆಗೆದು, ತಿಂಗಳಿಗೆ ಸರಾಸರಿ ಎಷ್ಟು ಉರಿಸಿದ್ದಾರೆ ಎಂದು ನೋಡಿ, ಅದರ ಮೇಲೆ ನೂರಕ್ಕೆ ಹತ್ತರಂತೆ ಸೇರಿಸಿ, ಇಷ್ಟು ಯೂನಿಟ್ಟು ನಿಮಗೆ ಬಿಟ್ಟಿ ಎಂದು ಗೊತ್ತು ಮಾಡಿದ್ದರಲ್ಲ, ಅದರಲ್ಲಿ ಕಳಕಮ್ಮನ ಮನೆಗೆ ಬಂದದ್ದು ತೊಂಬತ್ತೆರಡು. ದಾಟಿದರೆ ದಾಟಿದಷ್ಟಕ್ಕೆ ದುಡ್ಡು. ಕಳಕಮ್ಮ ಒಂದು ತಿಂಗಳೂ ದಾಟಲಿಲ್ಲ. ಎಂಬತ್ತನಾಲ್ಕು, ಎಂಬತ್ತೇಳು, ಬೇಸಿಗೆಯಲ್ಲಿ ತೊಂಬತ್ತು. ಫ್ಯಾನಿನ ಕೆಳಗೆ ಯಾರೂ ಇಲ್ಲದೆ ಅದು ತಿರುಗುತ್ತಿದ್ದರೆ ಆಕೆ ಎಲ್ಲಿದ್ದರೂ ಓಡಿಬಂದು ಆರಿಸುತ್ತಿದ್ದಳು.

ಜಿಪುಣಿ ಎಂದು ಓಣಿಯವರು ಅನ್ನುತ್ತಿದ್ದರು. ಅದು ಪೂರ್ತಿ ನಿಜವಲ್ಲ. ಕಳಕಮ್ಮನದು ಪಾಲಿನ ಹುಚ್ಚು. ತನ್ನ ಪಾಲಿನದು ಒಂದು ಗುಂಜಿಯೂ ಹೋಗಬಾರದು, ಇನ್ನೊಬ್ಬರ ಪಾಲಿನದು ಒಂದು ಗುಂಜಿಯೂ ಬರಬಾರದು. ಹನ್ನೊಂದು ವರ್ಷದ ಹಿಂದೆ ಅಣ್ಣತಮ್ಮಂದಿರ ಮನೆ ಪಾಲಾದಾಗ ಪಡಸಾಲೆಯ ನಡುವೆ ಗೋಡೆ ಎದ್ದಿತು. ಈಚೆ ಕಳಕಮ್ಮನ ಗಂಡ ಕೊಟ್ರಬಸಪ್ಪ, ಆಚೆ ಮೈದುನ ಕಲ್ಲೇಶ ಮತ್ತು ಅವನ ಹೆಂಡತಿ ಬಸವಣ್ಣೆಮ್ಮ. ಎಲ್ಲವೂ ಸಮಾಧಾನದಿಂದ ಹಂಚಿಕೆಯಾಯಿತು, ನೀರು ಕಾಸುವ ತಾಮ್ರದ ಹಂಡೆಯೊಂದನ್ನು ಬಿಟ್ಟು. ಅದನ್ನು ತೂಕ ಮಾಡದೆ ಆಚೆಗೆ ಕೊಟ್ಟರು ಎಂದು ಕಳಕಮ್ಮ ಎದ್ದು ನಿಂತಳು. ತೂಕ ಮಾಡುವುದೆಂದರೆ ನಮ್ಮನ್ನು ಕಳ್ಳರು ಎಂದಂತಲ್ಲವೇ ಎಂದು ಬಸವಣ್ಣೆಮ್ಮ ಎದ್ದು ನಿಂತಳು. ಅವತ್ತು ನಿಂತ ಮಾತು ಮತ್ತೆ ಕೂರಲಿಲ್ಲ. ಮೂರು ದಿನ ಬಿಟ್ಟು ಕಳಕಮ್ಮನ ಟ್ರಂಕಿನೊಳಗೆ ಆಚೆಯವರ ಪಾಲಿನ ಹಿತ್ತಾಳೆಯ ಚಂಬೊಂದು ಸಿಕ್ಕಿತು. ಆಕೆ ಅದನ್ನು ತೊಳೆದು, ಒರೆಸಿ, ನಡುಗೋಡೆಯ ಮೇಲೆ ಇಟ್ಟು ಬಂದಳು. ಆದರೆ ಮಾತಾಡಲಿಲ್ಲ.

ಅಂಥ ಮನೆಗೆ ಈ ವರ್ಷ ಮೇ ತಿಂಗಳಲ್ಲಿ ಸೊಸೆ ಶಾಂಭವಿ ಒಂದು ಫ್ರೀಜರ್ ತಂದಳು. ಗಂಗಾವತಿಯಲ್ಲಿ ಒಂದು ಐಸ್‌ಕ್ರೀಮ್ ಅಂಗಡಿ ಬಾಗಿಲು ಹಾಕಿತ್ತು. ಅಲ್ಲಿಂದ ಅರ್ಧ ರೇಟಿಗೆ ತಂದದ್ದು. ಮಂಡಿಯೆತ್ತರದ ಬಿಳಿ ಪೆಟ್ಟಿಗೆ, ಮೇಲಿನಿಂದ ತೆರೆಯುವಂಥದ್ದು. ಶಾಂಭವಿಯ ವಿಚಾರ ಸರಳ. ಮಾವಿನ ಸುಗ್ಗಿಯಲ್ಲಿ ಹಣ್ಣು ಅಗ್ಗ. ತಿರುಳು ತೆಗೆದು, ಸೀಕರಣಿ ಮಾಡಿ, ಡಬ್ಬಿಗೆ ತುಂಬಿ ಗಟ್ಟಿ ಮಾಡಿಟ್ಟರೆ ಶ್ರಾವಣದಲ್ಲಿ, ಹಣ್ಣೇ ಸಿಗದ ಕಾಲದಲ್ಲಿ, ಹೋಳಿಗೆಯ ಜೊತೆ ಬಡಿಸಲು ಜನ ಹುಡುಕಿಕೊಂಡು ಬರುತ್ತಾರೆ. ತಳಕಲ್ಲಿನ ಒಂದು ಮನೆಯವರು ಗೃಹಪ್ರವೇಶಕ್ಕೆಂದು ಆಗಲೇ ನಲವತ್ತು ಕಿಲೋ ಹೇಳಿಯೂ ಬಿಟ್ಟಿದ್ದರು. ಮದುವೆಯಾಗಿ ಆರು ವರ್ಷದಲ್ಲಿ ಆಕೆ ಈ ಮನೆಯಲ್ಲಿ ತನ್ನದು ಎಂದು ಶುರು ಮಾಡಿದ ಮೊದಲ ಕೆಲಸ ಅದು.

ಕಳಕಮ್ಮ ಪೆಟ್ಟಿಗೆಯ ಸುತ್ತ ಒಂದು ಪ್ರದಕ್ಷಿಣೆ ಹಾಕಿದಳು.

"ಇದು ದಿನಾ ಎಷ್ಟು ತಿಂತೈತಿ?"

"ಸಣ್ಣದೈತ್ರೀ ಅತ್ತಿ. ಭಾಳ ತಿನ್ನಂಗಿಲ್ಲ. ಒಂದು ಕಿಲೋ ಸೀಕರಣಿ ಮಾರಿದ್ರ ತಿಂಗಳ ಕರೆಂಟಿನ ರೊಕ್ಕ ಬರತೈತಿ."

"ರೊಕ್ಕದ ಮಾತಲ್ಲವ್ವಾ. ಇಷ್ಟ ದಿನ ಸೊನ್ನಿ ಬಂದೈತಿ ನನಗ. ಒಂದ ರೂಪಾಯಿ ಬಿಲ್ ಬಂತಂದ್ರೂ ಇದು ಮನಿ ಹೊರಗ. ಈಗಿಂದ ಹೇಳೀನಿ, ಆಮ್ಯಾಲ ಅಳಬ್ಯಾಡ."

ಮಗ ಗುರುಬಸವ ಸರ್ಕಾರಿ ಬಸ್ಸಿನ ಕಂಡಕ್ಟರು. ದಿನವಿಡೀ ಐವತ್ತು ಜನರ ಚಿಲ್ಲರೆ ಜಗಳ ಬಗೆಹರಿಸುವ ಆ ಮನುಷ್ಯ ಮನೆಯ ಎರಡು ಹೆಂಗಸರ ನಡುವೆ ಮಾತ್ರ ಬಾಯಿ ಹಾಕುತ್ತಿರಲಿಲ್ಲ. ಡ್ಯೂಟಿಗೆ ಹೊತ್ತಾಯಿತು ಎಂದು ಚೀಲ ಎತ್ತಿಕೊಂಡು ಹೋಗಿಬಿಟ್ಟ. ಆ ದಿನ ಅವನಿಗೆ ರಜೆ ಇತ್ತು ಎಂಬುದು ಇಬ್ಬರಿಗೂ ಗೊತ್ತಿತ್ತು.

ಶಾಂಭವಿ ಹದಿನೈದು ದಿನ ಮಾವಿನಹಣ್ಣಿನಲ್ಲೇ ಮುಳುಗಿದಳು. ಮೊಣಕೈವರೆಗೆ ಹಳದಿ, ಮನೆಯ ತುಂಬ ನೊಣ, ಹಿತ್ತಲ ತುಂಬ ಗೊರಟೆ. ಸುಮ್ಮನೆ ಹೇಳಬಾರದು, ಕಳಕಮ್ಮನೂ ಕೂತು ಹಣ್ಣು ಹಿಂಡಿದಳು, ಯಾಲಕ್ಕಿ ಕುಟ್ಟಿದಳು, ಸಕ್ಕರೆ ಸಾಲದು ಎಂದು ಬೈದಳು. ಆಕೆಯ ಹಗೆ ಸೀಕರಣಿಯ ಮೇಲೆ ಇರಲಿಲ್ಲ, ಪೆಟ್ಟಿಗೆಯ ಮೇಲಿತ್ತು. ಸೊಸೆ ಸಂತೆಗೆ ಹೋದ ಹೊತ್ತಿನಲ್ಲಿ ಮೆಲ್ಲಗೆ ಸ್ವಿಚ್ ಆರಿಸಿ, ಆಕೆ ಬರುವ ಸದ್ದು ಕೇಳಿದ ಕೂಡಲೇ ಹಚ್ಚುತ್ತಿದ್ದಳು. ಒಂದು ದಿನ ಸಿಕ್ಕಿಬಿದ್ದಳು.

"ಅತ್ತೀ, ಹಿಂಗ ಬಂದ್ ಮಾಡಿ ಹಚ್ಚಿದ್ರ ಉಳಿಯಂಗಿಲ್ರಿ. ಹೋದ ತಂಪು ಮತ್ತ ತರಾಕ ಅದು ಎರಡರಷ್ಟು ಓಡಬೇಕಾಗತೈತಿ."

"ಕಲ್ಲಾದಂಗ ಆಗೈತಿ ಒಳಗ. ಇನ್ನೆಷ್ಟು ತಂಪ್ ಮಾಡ್ತಿ ಅದನ್ನ? ಮನಷ್ಯಾಗೂ ದಣಿವಾಗತೈತಿ, ಅದಕ್ಕಾಗಂಗಿಲ್ಲೇನು?"

ಈ ಪ್ರಶ್ನೆಗೆ ಉತ್ತರವಾಗಿ ಶಾಂಭವಿ ಸ್ವಿಚ್ಚಿನ ಮೇಲೆ ಒಂದು ಪಟ್ಟಿ ಅಂಟಿಸಿದಳು, ಅಷ್ಟೇ.

ಜೂನ್ ಮೊದಲ ವಾರ ಬಿಲ್ಲಿನವನು ಬಂದ. ಕಳಕಮ್ಮ ಕೊನೆಯ ಸಾಲು ನೋಡಿದಳು. ನೂರಾ ಹನ್ನೊಂದು ಯೂನಿಟ್ಟು ಉರಿದಿದ್ದವು. ಹತ್ತೊಂಬತ್ತು ಹೆಚ್ಚಿಗೆ. ಕಟ್ಟಬೇಕಾದದ್ದು ನೂರಾ ಹದಿನೇಳು ರೂಪಾಯಿ.

ಆಕೆಗೆ ಸಿಟ್ಟು ಬಂದಿತು ಎನ್ನುವುದು ಅರ್ಧ ಸತ್ಯ. ಒಳಗೊಳಗೆ ಗೆದ್ದ ಖುಷಿಯೂ ಇತ್ತು. ಚೀಟಿಯನ್ನು ಧ್ವಜದಂತೆ ಎತ್ತಿ ಹಿಡಿದು ಒಳಗೆ ಬಂದು ಪೆಟ್ಟಿಗೆಯ ಮೇಲೆ ಇಟ್ಟಳು. ಶಾಂಭವಿ ಅದನ್ನು ಓದಿದಳು. ಆಕೆಯ ಮುಖ ಇಳಿಯಿತು. ಒಳಗೆ ಅರವತ್ತು ಕಿಲೋ ಸೀಕರಣಿ ಇತ್ತು, ಶ್ರಾವಣಕ್ಕೆ ಇನ್ನೂ ದಿನಗಳಿದ್ದವು. ಪೆಟ್ಟಿಗೆ ಹೊರಗೆ ಹೋದರೆ ಎರಡು ದಿನದಲ್ಲಿ ಅಷ್ಟೂ ತಿಪ್ಪೆಗೆ.

"ಒಂದ ವಾರ ಟೈಮ್ ಕೊಡ್ರಿ ಅತ್ತಿ," ಎಂದಳು. "ಬಾಬಾಸಾಬ್ರನ್ನ ಕರಸ್ತೀನಿ. ಇದು ಎಷ್ಟು ತಿಂತೈತಿ ಅಂತ ಅವರು ಹೇಳಲಿ. ಹತ್ತೊಂಬತ್ತೂ ಇದರದ ತಪ್ಪಾಗಿದ್ರ ನಾನ ಟಂಟಂ ಗಾಡಿ ಕರದು ಕಳಸ್ತೀನಿ."

ಬಾಬಾಸಾಬ ಮೋಟರು ಕಟ್ಟುವ ಮಿಸ್ತ್ರಿ. ಊರಿನ ಅರ್ಧ ಮನೆಗಳ ವೈರಿಂಗು ಅವನ ಕೈಯಲ್ಲೇ ಆಗಿತ್ತು. ಅರವತ್ತು ದಾಟಿದ್ದರೂ ಕಣ್ಣು ಚುರುಕು, ಮಾತು ಕಡಿಮೆ. ಮರುದಿನ ಬೆಳಿಗ್ಗೆ ಹತ್ತಕ್ಕೆ ಬಂದವನು ಕಟ್ಟೆಯ ಮೇಲಿನ ಮೀಟರಿನ ಮುಂದೆ ಕೂತು, ಅದರೊಳಗೆ ಮಿಣುಕುವ ಕೆಂಪು ದೀಪವನ್ನು ತೋರಿಸಿದ.

"ನೋಡ್ರಿ ಕಳಕಮ್ಮಾರ, ಈ ದೀಪ ಮೂರು ಸಾವಿರದ ಇನ್ನೂರು ಸಲ ಮಿಣುಕಿದ್ರ ಒಂದು ಯೂನಿಟ್. ಮನಿಯಾಗಿನ ಎಲ್ಲಾ ಬಂದ್ ಮಾಡಿ ಬರೇ ಫ್ರೀಜರ್ ಹಚ್ಚೋಣು. ಒಂದು ತಾಸು ಎಣಿಸಿದ್ರ ಅದರ ಬಣ್ಣ ಬಯಲಾಗತೈತಿ."

"ಯಾರು ಎಣಿಸೋರು?"

"ನಾ ಎಣಿಸ್ತೀನ್ರಿ."

"ನೀವು ಬ್ಯಾಡ. ನೀವು ಆಕಿ ಕರಸಿದ ಮನಷ್ಯಾ. ನಾ ಎಣಿಸ್ತೀನಿ."

ಕಳಕಮ್ಮ ಒಂದು ಮೊರದ ತುಂಬ ಜೋಳ ತಂದಳು. ಮೀಟರಿಗೆ ಎದುರಾಗಿ ಕಾಲು ಚಾಚಿ ಕೂತು, ದೀಪ ಒಮ್ಮೆ ಮಿಣುಕಿದರೆ ಒಂದು ಕಾಳನ್ನು ಎಡದಿಂದ ಬಲಕ್ಕೆ ಸರಿಸತೊಡಗಿದಳು. ಟಿವಿ ಬಂದ್, ಫ್ಯಾನ್ ಬಂದ್, ಬಲ್ಬ್ ಬಂದ್, ಮೊಬೈಲಿನ ಚಾರ್ಜರೂ ಕಿತ್ತು ಇಟ್ಟಿದ್ದರು. ಓಣಿಯಲ್ಲಿ ಹೋಗುವವರು ನಿಂತು, ಇದೇನು ಜೋಳ ಆರಿಸುವ ಹೊಸ ಪದ್ಧತಿ ಎಂದು ಕೇಳಿದರು. ಆಕೆ ದೀಪದಿಂದ ಕಣ್ಣು ಕೀಳಲಿಲ್ಲ. ಸೊಂಟ ನೋಯುತ್ತಿತ್ತು, ಕಣ್ಣಲ್ಲಿ ನೀರು ಬರುತ್ತಿತ್ತು. ಆದರೂ ಒಂದು ಕಾಳು ತಪ್ಪಲಿಲ್ಲ.

ಒಂದು ತಾಸಾಯಿತು. ಬಾಬಾಸಾಬ ಬಲಗಡೆಯ ರಾಶಿ ಎಣಿಸಿದ. ನಾನೂರಾ ಮೂವತ್ತಾರು.

"ನೋಡಿದ್ಯಾ!" ಎಂದು ಕಳಕಮ್ಮ ಸೊಸೆಯ ಕಡೆ ತಿರುಗಿದಳು. "ನಾ ಸುಳ್ಳು ಅಂದಿದ್ನೇನು? ಜೋಳ ಸುಳ್ಳು ಹೇಳತೈತೇನು?"

ಬಾಬಾಸಾಬ ಮಾತ್ರ ಹುಬ್ಬು ಗಂಟಿಕ್ಕಿದ. "ಇಷ್ಟು ಸಣ್ಣ ಪೆಟ್ಟಿಗಿಗೆ ಇದು ಭಾಳ ಆತ್ರಿ. ನೂರೈವತ್ತು ದಾಟಬಾರದಿತ್ತು. ಶಾಂಭವಿ, ಅದರ ಪ್ಲಗ್ ಕೀಳವಾ."

ಶಾಂಭವಿ ಪ್ಲಗ್ ಕಿತ್ತಳು. ಈಗ ಮನೆಯಲ್ಲಿ ಉರಿಯುವುದು ಏನೂ ಉಳಿದಿರಲಿಲ್ಲ. ಮೂವರೂ ಮೀಟರಿನ ಮುಂದೆ ಬಗ್ಗಿದರು. ಕೆಂಪು ದೀಪ ಮಿಣುಕಿತು. ಹತ್ತು ಹನ್ನೆರಡು ಸೆಕೆಂಡಿನ ಮೇಲೆ ಮತ್ತೆ ಮಿಣುಕಿತು. ಮತ್ತೆ ಮಿಣುಕಿತು.

ಕಳಕಮ್ಮನ ಕೈಯಲ್ಲಿದ್ದ ಕಾಳು ಕೈಯಲ್ಲೇ ಉಳಿಯಿತು. ಬಾಬಾಸಾಬ ಮೇಲೆದ್ದು ಮೇನ್ ಸ್ವಿಚ್ ಕೆಳಗೆ ಎಳೆದ. ಆಗ ನಡುಗೋಡೆಯ ಆಚೆ, ಬೆಳಿಗ್ಗೆಯಿಂದ ಗರಗರ ಎನ್ನುತ್ತಿದ್ದ ಬಸವಣ್ಣೆಮ್ಮನ ಹೊಲಿಗೆ ಮಷಿನ್ನು ಗಪ್ಪನೆ ನಿಂತಿತು. ಸ್ವಿಚ್ ಮೇಲೆ ಎತ್ತಿದ. ಮಷಿನ್ನು ಮತ್ತೆ ಶುರುವಾಯಿತು.

ಬಾಬಾಸಾಬ ತಲೆಯ ಮೇಲಿನ ಟೊಪ್ಪಿಗೆ ತೆಗೆದು ಕೈಯಲ್ಲಿ ಹಿಡಿದುಕೊಂಡ. "ತಪ್ಪು ನಂದ್ರಿ," ಎಂದ. "ಮರತ ಹೋಗಿತ್ತು. ಆ ವೈರ್ ನಾನ ಎಳದದ್ದು."

ಅವನು ಹೇಳಿದ್ದು ಇಷ್ಟು. ಮನೆ ಪಾಲಾದಾಗ ಮುದುಕಿ ತಾಯಿಯನ್ನು ಆಚೆಯ ಹಿಂದಿನ ಖೋಲಿಯಲ್ಲಿ ಇಟ್ಟರು. ತಮ್ಮ ಜಾಗ ಕೊಡುವುದು, ಅಣ್ಣ ಬೆಳಕು ಕೊಡುವುದು ಎಂದು ಅಣ್ಣತಮ್ಮಂದಿರು ತಾಯಿಯ ಪಾಲನ್ನು ತಮ್ಮತಮ್ಮಲ್ಲೇ ಹಂಚಿಕೊಂಡರು. ಹಂಡೆಯ ಜಗಳ ಬಿಸಿಯಾಗಿದ್ದ ವಾರ ಅದು. ಕಳಕಮ್ಮನಿಗೆ ಹೇಳಬೇಡ ಎಂದು ಕೊಟ್ರಬಸಪ್ಪ ಬಾಬಾಸಾಬನಿಗೆ ಆಣೆ ಹಾಕಿ, ಈಚೆಯ ಮೀಟರಿನಿಂದ ಅಟ್ಟದ ಮೇಲೆ ಹಾಯಿಸಿ ಒಂದು ವೈರ್ ಆಚೆಗೆ ಕೊಡಿಸಿದ. ಆರು ವರ್ಷದ ಹಿಂದೆ ತಾಯಿ ತೀರಿಕೊಂಡಳು. ನಾಲ್ಕು ವರ್ಷದ ಹಿಂದೆ ಕೊಟ್ರಬಸಪ್ಪನೂ ಹೋದ. ವೈರ್ ಇದ್ದಲ್ಲೇ ಇತ್ತು. ಆ ಖೋಲಿಯಲ್ಲಿ ಈಗ ಬಸವಣ್ಣೆಮ್ಮ ಮಷಿನ್ನು ಇಟ್ಟುಕೊಂಡು ರವಿಕೆ ಹೊಲಿಯುತ್ತಾಳೆ. ಅವಳ ಗಂಡ ಕಲ್ಲೇಶ ಗಂಗಾವತಿಯ ಅಕ್ಕಿ ಗಿರಣಿಯಲ್ಲಿ ಕೆಲಸಕ್ಕಿದ್ದಾನೆ, ವಾರಕ್ಕೊಮ್ಮೆ ಬರುತ್ತಾನೆ.

ಕಳಕಮ್ಮನಿಗೆ ಮೊದಲು ಸಿಟ್ಟು ಬಂದದ್ದು ಸತ್ತ ಗಂಡನ ಮೇಲೆ. ದೇವರ ಜಗಲಿಯ ಪಕ್ಕದ ಅವನ ಫೋಟೋದತ್ತ ತಿರುಗಿ ಒಂದಿಷ್ಟು ಬೈದಳು. ಫೋಟೋ ಎಷ್ಟೆಂದು ಬೈಸಿಕೊಂಡೀತು. ಉಳಿದ ಸಿಟ್ಟು ಗೋಡೆಯಾಚೆ ಹೋಯಿತು. ಮಾತು ಬಿಟ್ಟವರ ಜೊತೆ ಜಗಳ ಮಾಡುವುದಕ್ಕೂ ಈ ಕಡೆ ಒಂದು ರೀತಿ ಇದೆ. ನೇರ ಹೇಳುವಂತಿಲ್ಲ, ಕೋಳಿಗೋ ನಾಯಿಗೋ ಹೇಳಬೇಕು. ಕಳಕಮ್ಮ ಹಿತ್ತಲಿಗೆ ಹೋಗಿ, ಗೋಡೆಯ ಬುಡದಲ್ಲಿ ಕೆದಕುತ್ತಿದ್ದ ಕೋಳಿಗೆ ಇಡೀ ಓಣಿಗೆ ಕೇಳುವಂತೆ ಹೇಳಿದಳು.

"ತಿನ್ನು ತಾಯಿ, ತಿನ್ನು! ಮಂದಿ ಪಾಲಿಂದು ಭಾಳ ರುಚಿ ಇರತೈತಿ. ಹಂಡೆ ತೂಕ ಮಾಡ್ರಿ ಅಂದ್ರ ಕಳ್ಳರಂದಂಗ ಆತು ಅಂದಿದ್ರು. ಈಗ ಮಂದಿ ಕರೆಂಟ್ ಉರಿಸೋದಕ್ಕ ಏನಂತಾರ, ಅದನ್ನೂ ಹೇಳು!"

ಕೋಳಿ ಓಡಿಹೋಯಿತು. ಆಚೆಯ ಮಷಿನ್ನು ನಿಂತಿತು.

ಮರುದಿನ ಬೆಳಿಗ್ಗೆ ಬಾಬಾಸಾಬ ತಾನಾಗಿಯೇ ಬಂದ. ಬಸವಣ್ಣೆಮ್ಮ ಕರೆಸಿ, ಅವಳ ಕಡೆಯಿಂದಲೇ ಆ ವೈರನ್ನು ಕತ್ತರಿಸಲು ಹೇಳಿದ್ದಳಂತೆ. ಕತ್ತರಿಸಿ ಬಂದಿದ್ದ. "ಏನಂದಳು?" ಎಂದು ಕಳಕಮ್ಮ ಕೇಳಿದಳು. "ಏನೂ ಅನ್ನಲಿಲ್ರಿ. ಫ್ಯಾನಿನ ಮ್ಯಾಲಿನ ಧೂಳ ಒರಸಿ ಅದಕ್ಕ ಒಂದು ಅರಿವಿ ಸುತ್ತಿ ಇಟ್ಟರು," ಎಂದ ಬಾಬಾಸಾಬ.

ಆ ತಿಂಗಳು ಪೆಟ್ಟಿಗೆ ನಿರಾತಂಕವಾಗಿ ಓಡಿತು. ಜುಲೈ ಮೊದಲ ವಾರ ಬಿಲ್ಲು ಬಂತು. ಎಂಬತ್ತೊಂಬತ್ತು ಯೂನಿಟ್ಟು. ಕೊನೆಯ ಸಾಲಿನಲ್ಲಿ ಸೊನ್ನೆ. ಶಾಂಭವಿಯ ಪೆಟ್ಟಿಗೆಯೂ ಉಳಿಯಿತು, ಕಳಕಮ್ಮನ ಸೊನ್ನೆಯೂ ಉಳಿಯಿತು. ಹತ್ತೊಂಬತ್ತಕ್ಕೆ ಪೆಟ್ಟಿಗೆಯೇ ಕಾರಣವಲ್ಲ ಎಂದು ಕಳಕಮ್ಮ ಒಪ್ಪಿಕೊಂಡಳು ಕೂಡ. ಹಾಗೆ ನೋಡಿದರೆ ಕಥೆ ಇಲ್ಲಿಗೆ ಮುಗಿಯಬೇಕಿತ್ತು. ಎಲ್ಲರಿಗೂ ಬೇಕಾದದ್ದು ಸಿಕ್ಕ ಮೇಲೆ ಇನ್ನೇನು?

ಆದರೆ ಅದೇ ದಿನ ಮಧ್ಯಾಹ್ನ ಕಳಕಮ್ಮ ಹಿಟ್ಟಿನ ಗಿರಣಿಯಿಂದ ಬರುವಾಗ ಬಸವಣ್ಣೆಮ್ಮನ ಕಟ್ಟೆಯ ಮೇಲೆ ಹೊಲಿಗೆ ಮಷಿನ್ನು ಕಂಡಿತು. ಮೋಟರು ಬಿಚ್ಚಿಟ್ಟು, ಹಳೆಯ ಪೆಡಲು ಜೋಡಿಸಿದ್ದರು. ಬಸವಣ್ಣೆಮ್ಮ ಬೆವರು ಒರೆಸಿಕೊಳ್ಳುತ್ತ ಕಾಲಿನಿಂದ ತುಳಿಯುತ್ತಿದ್ದಳು. ಕಟ್ಟೆಗೆ ಬಿಸಿಲು ಬಂದಾಗ ಎದ್ದು, ಮಷಿನ್ನನ್ನು ಒಂದು ಮೊಳ ಎಳೆದು, ನೆರಳಿಗೆ ಹಾಕಿ ಮತ್ತೆ ಕೂತಳು. ಆಕೆಗೆ ಮಂಡಿನೋವಿದೆ ಎಂಬುದು ಕಳಕಮ್ಮನಿಗೆ ಗೊತ್ತಿತ್ತು. ಮಾತು ಬಿಟ್ಟ ಮಾತ್ರಕ್ಕೆ ಒಂದೇ ಗೋಡೆಯ ಆಚೀಚೆ ಇರುವವರ ನೋವು ಗೊತ್ತಾಗದೆ ಇರುತ್ತದೆಯೇ.

ಮನೆಗೆ ಬಂದು ಹಿಟ್ಟಿನ ಡಬ್ಬಿ ಇಳಿಸುತ್ತ ಸೊಸೆಯನ್ನು ಕೇಳಿದಳು. "ತನ್ನ ಮೀಟರಿಂದ ಆ ಖೋಲಿಗೆ ಒಂದು ವೈರ್ ತಗೊಳ್ಳಾಕ ಆಕಿಗೇನು ಧಾಡಿ? ಆಕಿಗೂ ಬಿಟ್ಟಿ ಐತೆಲ್ಲ?"

ಶಾಂಭವಿ ಡಬ್ಬಿಗಳ ಮೇಲೆ ತಾರೀಖು ಬರೆಯುತ್ತಿದ್ದಳು. ಪೆನ್ನು ನಿಂತಿತು. ಉತ್ತರ ಗೊತ್ತಿದ್ದೂ ಹೇಳಲೋ ಬೇಡವೋ ಎನ್ನುವವರ ಮುಖ ಹೇಗಿರುತ್ತದೆಂದು ಕಳಕಮ್ಮನಿಗೆ ಚೆನ್ನಾಗಿ ಗೊತ್ತು.

"ಏನವಾ? ಬಾಯಿ ಬಿಡು."

"ಆಚಿ ಮನಿ ಸಣ್ಣತ್ತೀಗೆ ಬಿಟ್ಟಿ ಇರೋದು ಐವತ್ಮೂರ ಯೂನಿಟ್ ರಿ ಅತ್ತಿ. ಮನಿ ಮುಂದಿನ ಭಾಗಕ್ಕ ಅಷ್ಟೂ ಹೋಗತಾವು. ಆ ಖೋಲಿ ಕೂಡಿಸಿದ್ರ ದಾಟತೈತಿ, ಬಿಲ್ ಬರತೈತಿ."

"ನಮಗ ತೊಂಬತ್ತೆರಡು, ಆಕಿಗೆ ಐವತ್ಮೂರು ಯಾಕ? ಮನಿ ಎರಡೂ ಅಷ್ಟಷ್ಟ ಅದಾವು."

"ಹಿಂದಿನ ವರ್ಷದ ಲೆಕ್ಕ ಹಿಡದು ಕೊಟ್ಟಾರಲ್ರಿ. ಆ ವರ್ಷ ಸಣ್ಣತ್ತಿ ಖೋಲಿ ನಮ್ಮ ಮೀಟರಿಗೆ ಇತ್ತು. ಅವರ ಲೆಕ್ಕ ಸಣ್ಣದಾತು, ನಮ್ಮದು ದೊಡ್ಡದಾತು." ಶಾಂಭವಿ ತಲೆ ತಗ್ಗಿಸಿದಳು. "ವೈರ್ ಹೋದ ಮ್ಯಾಲ ನೂರಾ ಹನ್ನೊಂದು ಎಂಬತ್ತೊಂಬತ್ತಕ್ಕ ಇಳೀತಲ್ರಿ, ನಮ್ಮ ತೊಂಬತ್ತೆರಡರಾಗ ಆ ಇಪ್ಪತ್ತೆರಡು ಖೋಲೀವು. ಬಾಬಾಸಾಬ್ರು ವೈರ್ ಕತ್ತರಿಸಿದ ದಿನಾನ ನನಗ ಹೊಳೀತು. ಹೇಳಲಿಲ್ಲ. ಹೇಳಿದ್ರ ನನ್ನ ಪೆಟ್ಟಿಗಿ ಹೋಗತೈತಿ ಅಂತ ಅಂಜಿದ್ನಿ."

ಕಳಕಮ್ಮ ಹಿಟ್ಟಿನ ಕೈಯಲ್ಲೇ ಗೋಡೆಗೆ ಒರಗಿ ಕೂತಳು. ಮೂಲೆಯಲ್ಲಿ ಪೆಟ್ಟಿಗೆ ಗುಂಯ್ ಎಂದು ಓಡುತ್ತಿತ್ತು. ಆ ಇಪ್ಪತ್ತೆರಡರ ಮೇಲೆ ಈಗ ಓಡುತ್ತಿರುವುದು ಯಾವುದು ಎಂದು ಆಕೆ ಕೇಳಲಿಲ್ಲ, ಕೇಳುವ ಅಗತ್ಯವಿರಲಿಲ್ಲ. ಜೀವನದಲ್ಲಿ ಒಂದು ಚಂಬನ್ನೂ ಹೆಚ್ಚಿಗೆ ಇಟ್ಟುಕೊಳ್ಳದ ಹೆಂಗಸು, ಓಣಿಯ ತುಂಬ ಕೇಳುವಂತೆ ಇನ್ನೊಬ್ಬಳನ್ನು ಕಳ್ಳಿ ಎಂದು, ಅವಳ ಪಾಲನ್ನು ತನ್ನ ಮೀಟರಿನಲ್ಲಿ ಇಟ್ಟುಕೊಂಡು, ಅದರಿಂದ ಬಂದ ಸೊನ್ನೆಯನ್ನು ದೇವರ ಹಿಂದೆ ಸಿಕ್ಕಿಸಿದ್ದಳು. ಆಕೆಗೆ ನಾಚಿಕೆಯಾಯಿತು. ಬಹಳ ವರ್ಷಗಳಿಂದ ಆಗದೆ ಇದ್ದದ್ದರಿಂದ ಮೊದಲು ಅದು ನಾಚಿಕೆ ಎಂದೇ ತಿಳಿಯಲಿಲ್ಲ, ಎದೆ ಉರಿಯುತ್ತಿದೆ ಎಂದು ಒಂದು ಲೋಟ ಮಜ್ಜಿಗೆ ಕುಡಿದಳು.

ಮಜ್ಜಿಗೆಗೆ ಅದು ಹೋಗಲಿಲ್ಲ. ಎರಡು ದಿನ ಕಳಕಮ್ಮ ಸರಿಯಾಗಿ ಉಣ್ಣಲಿಲ್ಲ, ಯಾರನ್ನೂ ಬೈಯಲೂ ಇಲ್ಲ. ಅವ್ವನಿಗೆ ಮೈಯಲ್ಲಿ ಹುಷಾರಿಲ್ಲವೇನೋ ಎಂದು ಗುರುಬಸವನಿಗೆ ಚಿಂತೆಯಾಯಿತು. ಮೂರನೆಯ ದಿನ ಬೆಳಿಗ್ಗೆ ಆಕೆ ಸೊಸೆಯನ್ನು ಕರೆದಳು.

"ಬಾಬಾಸಾಬ್ರಿಗೆ ಫೋನ್ ಹಚ್ಚು. ನಿಚ್ಚಣಿಕಿ ತಗೊಂಡು ಬರಾಕ ಹೇಳು. ಆ ವೈರ್ ಮತ್ತ ಕೂಡಸೋದೈತಿ."

ಶಾಂಭವಿ ಫೋನು ಕೈಗೆತ್ತಿಕೊಂಡಳು, ಆದರೆ ಹಚ್ಚಲಿಲ್ಲ. ತಳಕಲ್ಲಿನ ಗೃಹಪ್ರವೇಶಕ್ಕೆ ಇನ್ನು ಇಪ್ಪತ್ತು ದಿನವಿತ್ತು. "ಕೂಡಿಸಿದ್ರ ಬಿಲ್ ಬರತೈತ್ರಿ," ಎಂದಳು ಮೆಲ್ಲಗೆ.

"ಗೊತ್ತೈತಿ."

"ಒಂದ ರೂಪಾಯಿ ಬಂದ್ರೂ ಪೆಟ್ಟಿಗಿ ಹೊರಗ ಅಂದಿದ್ರಿ."

"ಅಂದಿದ್ನಿ. ಈಗ ಬ್ಯಾಡ ಅನಕತ್ತೀನಿ. ನಾ ಆಡಿದ ಮಾತು ನಾನ ಹಿಂದ ತಗೊಂಡ್ರ ಯಾರಪ್ಪಂದೇನು ಹೋಗತೈತಿ? ಆದ್ರ ಒಂದು ಕೇಳು. ಹೆಚ್ಚಿಗಿ ಬಂದದ್ದು ನಿನ್ನ ಪೆಟ್ಟಿಗೀದು, ಖೋಲೀದಲ್ಲ. ಸೀಕರಣಿ ರೊಕ್ಕದಾಗ ನೀ ತುಂಬಬೇಕು."

ಶಾಂಭವಿ ನಕ್ಕಳು. ಆಮೇಲೆ ಏನೋ ನೆನಪಾದಂತೆ ಕಣ್ಣು ಒರೆಸಿಕೊಂಡಳು. ಫೋನು ಹಚ್ಚಿದಳು.

ಹನ್ನೊಂದು ವರ್ಷದಲ್ಲಿ ಮೊದಲ ಸಲ ಕಳಕಮ್ಮ ಆಚೆಯ ಹೊಸ್ತಿಲು ತುಳಿದಳು. ಹಿಂದೆ ಹೆಗಲ ಮೇಲೆ ನಿಚ್ಚಣಿಕೆ ಹೊತ್ತ ಬಾಬಾಸಾಬ. ಬಸವಣ್ಣೆಮ್ಮ ಬಿಸಿಲು ಹೆಚ್ಚಾಯಿತೆಂದು ಮಷಿನ್ನನ್ನು ಹಿಂದಿನ ಖೋಲಿಗೆ ಒಯ್ದು, ಬಾಗಿಲ ಬೆಳಕಿನಲ್ಲಿ ಕೂತು ಗುಂಡಿ ಹಚ್ಚುತ್ತಿದ್ದಳು. ನೆಲದ ತುಂಬ ಶ್ರಾವಣಕ್ಕೆ ಹೊಲಿಯಬೇಕಾದ ರವಿಕೆಯ ತುಂಡುಗಳು, ಕತ್ತರಿಸಿ ಜೋಡಿ ಜೋಡಿಯಾಗಿ ಇಟ್ಟಿದ್ದವು. ಬಾಗಿಲಿಗೆ ನೆರಳು ಬಿದ್ದದ್ದಕ್ಕೆ ತಲೆ ಎತ್ತಿದಳು. ಯಾರೆಂದು ಕಂಡ ಮೇಲೂ ಎದ್ದು ನಿಲ್ಲಲಿಲ್ಲ, ಕೂತೇ ಇದ್ದಳು.

"ಬಾಬಾಸಾಬ್ರನ್ನ ಕರಕೊಂಡು ಬಂದೀನಿ," ಎಂದಳು ಕಳಕಮ್ಮ. ಬಹಳ ದಿನ ಕೂಡಿಟ್ಟ ಮಾತಿನ ತುದಿ ಎಲ್ಲಿದೆಯೆಂದು ಆಕೆಗೆ ಸಿಗುತ್ತಿರಲಿಲ್ಲ. "ವೈರ್ ಕೂಡಸ್ತಾರ."

"ಬ್ಯಾಡ. ಮಂದಿ ಕರೆಂಟ್ ನನಗ್ಯಾಕ?"

"ಮಂದೀದಲ್ಲ. ನಿಂದ. ತೊಂಬತ್ತೆರಡರಾಗ ಇಪ್ಪತ್ತೆರಡು ನಿನ್ನ ಖೋಲೀವು. ನನಗ ಗೊತ್ತಿರಲಿಲ್ಲ. ಗೊತ್ತಿಲ್ಲದನ, ಕೋಳಿ ಮುಂದ ನಿಂತು ಬಾಯಿಗೆ ಬಂದದ್ದು ಅಂದ್ನಿ. ಅದು ತಪ್ಪಾತು."

ಬಾಬಾಸಾಬ ನಿಚ್ಚಣಿಕೆಯನ್ನು ಗೋಡೆಗೆ ಆನಿಸಿ, ಯಾರೂ ಹೇಳುವುದಕ್ಕೆ ಕಾಯದೆ ಅಟ್ಟಕ್ಕೆ ಏರಿಬಿಟ್ಟ. ಕೆಳಗೆ ಆಡುವ ಮಾತಿಗೆ ತಾನು ಸಾಕ್ಷಿಯಾಗುವುದು ಅವನಿಗೆ ಬೇಕಿರಲಿಲ್ಲ.

ಬಸವಣ್ಣೆಮ್ಮ ಸೂಜಿಗೆ ದಾರ ಪೋಣಿಸಲು ನೋಡಿದಳು, ಆಗಲಿಲ್ಲ. "ಯಕ್ಕಾ," ಎಂದಳು. ಹನ್ನೊಂದು ವರ್ಷ ಈ ಶಬ್ದ ಆಕೆಯ ಬಾಯಿಗೆ ಬಂದಿರಲಿಲ್ಲ. "ಅತ್ತಿ ತೀರಿಕೊಂಡ ಮ್ಯಾಲ ನೀ ವೈರ್ ಕತ್ತರಸ್ತಿ ಅಂತ ದಿನಾ ಕಾದ್ನಿ. ಕತ್ತರಸಲಿಲ್ಲ. ಭಾವ ಹೋದ ಮ್ಯಾಲೂ ಕತ್ತರಸಲಿಲ್ಲ. ಸಿಟ್ಟಿಗೆ ಮಾತು ಬಿಟ್ಟಾಳ, ಆದ್ರ ನನ್ನನ್ನ ಕತ್ತಲಾಗ ಬಿಟ್ಟಿಲ್ಲ ಅಂತ ತಿಳಕೊಂಡ್ನಿ. ಅದೊಂದ ಸಮಾಧಾನದ ಮ್ಯಾಲ ಇಷ್ಟು ದಿನ ಇಲ್ಲಿ ಕುಂತು ಹೊಲದೀನಿ. ಆವತ್ತು ನೀ ಕೋಳಿಗೆ ಬೈದಾಗ ನಾ ಅತ್ತದ್ದು ಕರೆಂಟ್ ಹೋಗತೈತಿ ಅಂತ ಅಲ್ಲ, ಆ ಸಮಾಧಾನ ಹೋತಂತ."

ಕಳಕಮ್ಮ ಹೌದು ಅಂದಿದ್ದರೆ ಆಗುತ್ತಿತ್ತು. ಗೊತ್ತಿದ್ದೇ ಬಿಟ್ಟಿದ್ದೆ, ಅವತ್ತು ಸಿಟ್ಟಿನಲ್ಲಿ ಬಾಯಿ ತಪ್ಪಿತು ಅಂದುಬಿಟ್ಟರೆ ಆರು ವರ್ಷದ ಒಳ್ಳೆಯತನ ಪುಕ್ಕಟೆ ಆಕೆಯದಾಗುತ್ತಿತ್ತು. ಬಸವಣ್ಣೆಮ್ಮ ನಂಬುತ್ತಲೂ ಇದ್ದಳು. ಆದರೆ ಅದು ಕೊಟ್ರಬಸಪ್ಪನ ಪಾಲು. ತನ್ನದಲ್ಲದ್ದನ್ನು ಇಟ್ಟುಕೊಳ್ಳುವುದು ಕಳಕಮ್ಮನಿಗೆ ಬಂದಿರಲಿಲ್ಲ.

"ಇಲ್ಲ ಬಸವಣ್ಣೆಮ್ಮ," ಎಂದಳು. "ನಾ ಬಿಟ್ಟಿದ್ದಲ್ಲ ಅದು. ವೈರ್ ಐತಿ ಅಂತ ನನಗ ಗೊತ್ತ ಇದ್ದಿಲ್ಲ. ಗೊತ್ತಿದ್ರ ಅತ್ತಿ ಹೋದ ಮರುದಿನಾನ ಕತ್ತರಸ್ತಿದ್ನಿ."

ಬಸವಣ್ಣೆಮ್ಮ ಸೂಜಿಯನ್ನು ಬಟ್ಟೆಗೆ ಚುಚ್ಚಿಟ್ಟಳು. "ಮತ್ತ ಈಗ್ಯಾಕ ಬಂದಿ?"

"ಈಗ ಗೊತ್ತೈತಿ."

ಬಸವಣ್ಣೆಮ್ಮ ಪಕ್ಕದ ಸ್ಟೂಲಿನ ಮೇಲಿದ್ದ ಬಟ್ಟೆಯ ಗಂಟನ್ನು ಎತ್ತಿ ಕೆಳಗೆ ಇಟ್ಟಳು, ಸೆರಗಿನಿಂದ ಸ್ಟೂಲನ್ನು ಒರೆಸಿದಳು. ಕಳಕಮ್ಮ ಹೋಗಿ ಕೂತಳು. ಹೊಲಿಗೆಗೆ ಬಂದ ಒಂದು ಹಸಿರು ತುಂಡನ್ನು ಎತ್ತಿ ನೋಡಿ, ಬಣ್ಣ ಛಲೋ ಐತಿ ಎಂದಳು. ಕುಷ್ಟಗಿಯವರದು ಎಂದಳು ಬಸವಣ್ಣೆಮ್ಮ. ಅಷ್ಟರಲ್ಲಿ ಫ್ಯಾನಿಗೆ ಸುತ್ತಿದ್ದ ಅರಿವೆಯನ್ನು ಬಿಚ್ಚಿಕೊಡಿ ಎಂದು ಬಾಬಾಸಾಬ ಮೇಲಿನಿಂದ ಕೂಗಿದ. ಇಬ್ಬರೂ ಒಟ್ಟಿಗೆ ಎದ್ದರು. ಬಸವಣ್ಣೆಮ್ಮನ ಮಂಡಿ ಏಳಗೊಡಲಿಲ್ಲ, ಕಳಕಮ್ಮನೇ ಸ್ಟೂಲು ಹತ್ತಿ ಬಿಚ್ಚಿದಳು.

ಅವನು ಅತ್ತ ವೈರ್ ಕೂಡಿಸಿದ ಕೂಡಲೇ, ಫ್ಯಾನಿನ ಸ್ವಿಚ್ ಆರಿಸಬೇಕೆಂಬ ಎಚ್ಚರ ಯಾರಿಗೂ ಇರಲಿಲ್ಲವಾದ್ದರಿಂದ, ಫ್ಯಾನು ಒಮ್ಮೆಲೇ ತಿರುಗತೊಡಗಿತು. ಜೋಡಿ ಜೋಡಿಯಾಗಿ ಇಟ್ಟಿದ್ದ ರವಿಕೆಯ ತುಂಡುಗಳೆಲ್ಲ ಎದ್ದು ಖೋಲಿಯ ತುಂಬ ಹಾರಾಡಿದವು. "ಅಯ್ಯ, ಹಿಡಿಯ ಯಕ್ಕಾ, ತೋಳು ಒಬ್ಬರದು, ಬೆನ್ನು ಒಬ್ಬರದು ಆಗತಾವು!" ಎಂದು ಬಸವಣ್ಣೆಮ್ಮ ಕೂಗಿದಳು. ಅತ್ತಿತ್ತ ಬಗ್ಗಿ, ಒಬ್ಬರಿಗೊಬ್ಬರು ಹಾಯ್ದುಕೊಂಡು, ನಗು ಬಂದದ್ದನ್ನು ತಡೆಯಲಾಗದೆ ಇಬ್ಬರೂ ತುಂಡುಗಳನ್ನು ಆರಿಸಿದರು. ಫ್ಯಾನು ಬಂದ್ ಮಾಡಬೇಕೆಂದು ಕಳಕಮ್ಮನಿಗೂ ಹೊಳೆಯಲಿಲ್ಲ.